ದರ್ಸೋನೋ ಹೇಳಿದ್ದು, ನಾನು ಹೇಳಿದ್ದು

ದುಭಾಷಿಯ ಕೆಲಸಕ್ಕೆ ಈಗ ಸೇರುತ್ತಿರುವ ನಮ್ಮವರ ಮಕ್ಕಳು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: “ಆಂಟಿ, ನೀವು ಇಂಡೊನೇಷ್ಯಾದಲ್ಲಿ ಎಷ್ಟು ವರ್ಷ ಇದ್ರಿ?” ಒಂದು ದಿನವೂ ಇರಲಿಲ್ಲ ಎಂದರೆ ಅವರಿಗೆ ನಂಬಿಕೆ ಬರುವುದಿಲ್ಲ. ಆ ಭಾಷೆಯನ್ನು ನಾನು ಕಲಿತದ್ದು ಶಿಕಾಗೊದ ಒಂದು ತರಗತಿಯಲ್ಲಿ. ಆಡಿದ್ದು ಶಿಕಾಗೊದಿಂದ ಡೆಟ್ರಾಯಿಟ್‌ಗೆ ಹೋಗುವ ಹೆದ್ದಾರಿಯಲ್ಲಿ, ವ್ಯಾನಿನೊಳಗೆ, ಮೋಟೆಲುಗಳಲ್ಲಿ, ಕಾರ್ಖಾನೆಗಳ ಕ್ಯಾಂಟೀನುಗಳಲ್ಲಿ. ಇಪ್ಪತ್ತು ವರ್ಷಕ್ಕೂ ಮೇಲೆ ಆ ಕೆಲಸ ಮಾಡಿದೆ. ನಡುವೆ ಬಡ್ತಿ ಸಿಕ್ಕಿತು, ಹಾರ ಹಾಕಿದರು, ಭಾಷಣ ಮಾಡಿಸಿದರು. ಅದರಿಂದ ಕಿರಿಯರಿಗೆ ಆಗಬೇಕಾದದ್ದೇನೂ ಇಲ್ಲ. ಆಗಬಹುದಾದದ್ದು ನಾನು ಮಾಡಿದ ಒಂದು ತಪ್ಪಿನಿಂದ. 

ಅರವತ್ತೇಳರ ಕೊನೆಯಲ್ಲಿ ನಾನು ಮೈಸೂರಿನಿಂದ ಬಂದೆ. ಸಂಸ್ಕೃತದಲ್ಲಿ ಎಂ.ಎ. ಮುಗಿಸಿದ್ದೆ. ನಮ್ಮ ಯಜಮಾನರು ಶ್ರೀಧರ, ಎಲ್ಕ್ ಗ್ರೋವ್ ವಿಲೇಜಿನಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದರು. ಸಂಸ್ಕೃತ ಓದಿದ ಹೆಂಗಸಿಗೆ ಈ ಊರಿನಲ್ಲಿ ಏನು ಕೆಲಸ ಸಿಕ್ಕೀತು ಎಂದುಕೊಂಡಿದ್ದಾಗ, ವಿಶ್ವವಿದ್ಯಾನಿಲಯದ ಪ್ರೊಫೆಸರ್ ಒಬ್ಬರಿಗೆ ಹಳೆಯ ಜಾವಾ ಗ್ರಂಥಗಳಲ್ಲಿರುವ ಸಂಸ್ಕೃತ ಪದಗಳನ್ನು ಕಾರ್ಡುಗಳಲ್ಲಿ ಬರೆದಿಡುವವರು ಬೇಕಾಗಿದ್ದಾರೆಂದು ತಿಳಿಯಿತು. ಕೆಲಸ ಕೊಟ್ಟರು. ಜೊತೆಗೆ ಇಂಡೊನೇಷ್ಯನ್ ತರಗತಿಗೆ ಕೂರಲೇಬೇಕೆಂಬ ಷರತ್ತನ್ನೂ ಹಾಕಿದರು.

ಆ ತರಗತಿಯಲ್ಲಿ ನನಗೆ ಬಂದ ಅಹಂಕಾರವನ್ನು ಇಲ್ಲಿ ಮುಚ್ಚಿಡುವುದಿಲ್ಲ. ಅಮೆರಿಕದ ಹುಡುಗರು ಒಂದೊಂದು ಪದವನ್ನೂ ಉರು ಹೊಡೆಯುತ್ತಿದ್ದರು. ನನಗೆ ಅರ್ಧ ಪದಗಳು ಮನೆಯವೇ. ಭಾಷೆಗೆ ಬಹಾಸ, ಮುಖಕ್ಕೆ ಮುಕ, ಸಾಕ್ಷಿಗೆ ಸಕ್ಸಿ, ಗಂಡನಿಗೆ ಸುವಾಮಿ. ಮನೆಗೆ ಬಂದು ಶ್ರೀಧರರನ್ನು “ಸುವಾಮಿಯವರೇ, ಊಟಕ್ಕೆ ಬನ್ನಿ” ಎಂದು ಕರೆದರೆ ಅವರು ಇದೇನು ಹೊಸ ಭಕ್ತಿ ಎಂದು ನೋಡುತ್ತಿದ್ದರು. ಪದಕೋಶದಲ್ಲಿ ಇಂಥ ಪದ ಬಂದಾಗಲೆಲ್ಲ ಅರ್ಥ ಓದದೆ ಮುಂದೆ ಹೋಗುತ್ತಿದ್ದೆ. ಪರೀಕ್ಷೆಯಲ್ಲಿ ನಾನೇ ಮೊದಲು.

ಮೂರು ವರ್ಷದ ನಂತರ ಡೌನ್‌ಟೌನಿನ ಒಂದು ಭಾಷಾಂತರ ಏಜೆನ್ಸಿಯಲ್ಲಿ ಹೆಸರು ಬರೆಸಿದೆ. ಅದನ್ನು ನಡೆಸುತ್ತಿದ್ದವರು ಮಿಸೆಸ್ ಕೊವಾಚ್, ಯುದ್ಧದ ನಂತರ ಹಂಗೆರಿಯಿಂದ ಬಂದವರು. ಆಫೀಸಿನ ಕಿಟಕಿಯ ಮಟ್ಟಕ್ಕೇ, ಕಂಬಗಳ ಮೇಲಿನ ಹಳಿಯಲ್ಲಿ, ಎಲ್ ಎಂದು ಕರೆಯುವ ನಗರದ ರೈಲು ಓಡುತ್ತಿತ್ತು. ರೈಲು ಬಂದಾಗ ಅವರು ಮಾತನ್ನು ಅಲ್ಲಿಗೇ ನಿಲ್ಲಿಸಿ, ಹೋದ ಮೇಲೆ ಬಿಟ್ಟ ಜಾಗದಿಂದಲೇ ಮುಂದುವರಿಸುತ್ತಿದ್ದರು. ಮೊದಲ ದಿನ ನನ್ನ ಅಂಕಪಟ್ಟಿ ನೋಡಿ ಅವರು ಹೇಳಿದ್ದು ಇಷ್ಟು: “ನೀವು ಜಾಣೆ. ಈ ಕೆಲಸಕ್ಕೆ ಅದು ಒಳ್ಳೇದಲ್ಲ. ಜಾಣರು ಪೂರ್ತಿ ಕೇಳಿಸ್ಕೊಳ್ಳೋಲ್ಲ.”

ಮೊದಲ ಪ್ರವಾಸದಲ್ಲೇ ಪೆಟ್ಟು ಬಿತ್ತು. ಡೀಸೆಲ್ ಎಂಜಿನ್ ಕೆಲಸ ಕಲಿಯಲು ಇಂಡೊನೇಷ್ಯಾದಿಂದ ಬಂದಿದ್ದ ನಾಲ್ಕು ಜನರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಶಿಕಾಗೊದಿಂದ ಡೆಟ್ರಾಯಿಟ್‌ಗೆ ನಾನೇ ಡ್ರೈವ್ ಮಾಡಿಕೊಂಡು ಹೊರಟೆ. ಒಹೇರ್ ವಿಮಾನ ನಿಲ್ದಾಣದಲ್ಲಿ ನಾನು ಮಾಡಿದ ಸ್ವಾಗತ ಭಾಷಣಕ್ಕೆ ಅವರು ತಲೆ ಬಾಗಿಸಿ ನಕ್ಕಿದ್ದರು. ವ್ಯಾನಿನಲ್ಲಿ ಸುಮಾರು ಇನ್ನೂರೆಂಬತ್ತು ಮೈಲು ತಮ್ಮ ತಮ್ಮಲ್ಲೇ ಮಾತಾಡಿದರು. ಅದರಲ್ಲಿ ಒಂದು ವಾಕ್ಯವೂ ನನಗೆ ಅರ್ಥವಾಗಲಿಲ್ಲ.  ಮೂರು ವರ್ಷ ನಾನು ಕಲಿತದ್ದೇನು, ಇವರು ಆಡುತ್ತಿರುವುದೇನು? ಕಲಮಜೂ ಹತ್ತಿರ ಪೆಟ್ರೋಲಿಗೆ ನಿಲ್ಲಿಸಿದಾಗ ಒಬ್ಬನನ್ನು ಕೇಳಿಯೇಬಿಟ್ಟೆ. ಅವನು ಬಹಳ ವಿನಯದಿಂದ ಹೇಳಿದ: “ಇಬು, ನಾವು ಆಡ್ತಿದ್ದದ್ದು ಜಾವಾ ಭಾಷೆ. ನೀವು ಆಡೋ ಭಾಷೆ ನಮಗೆ ಬರುತ್ತೆ. ಅದನ್ನ ನಾವು ರೇಡಿಯೋದಲ್ಲಿ ಕೇಳ್ತೀವಿ.” ಇಬು ಎಂದರೆ ಅಮ್ಮ, ಹೆಂಗಸರನ್ನು ಅವರು ಹಾಗೆ ಕರೆಯುತ್ತಾರೆ.

ಅದೇ ಪ್ರವಾಸದಲ್ಲಿ ಇನ್ನೊಂದಾಯಿತು. ಕಾರ್ಖಾನೆಯ ಮುಖ್ಯಸ್ಥರು ಊಟ ಹಾಕಿಸಿ, ನಿಮ್ಮವರಿಗೆ ಹೇಗನ್ನಿಸುತ್ತಿದೆ ಎಂದು ಕೇಳಿದರು. ಅವರೆಲ್ಲ “ಗೆಂಬಿರ” ಎಂದರು. ನನ್ನ ಬಾಯಿಂದ “ಗಂಭೀರವಾಗಿದ್ದಾರೆ” ಎಂದು ಬಂದುಹೋಯಿತು. ಆತನ ಮುಖ ಸಪ್ಪಗಾಯಿತು. ಗೆಂಬಿರ ಎಂದರೆ ಅವರಲ್ಲಿ ಸಂತೋಷ. ಎರಡು ಕ್ಷಣದಲ್ಲಿ ತಿದ್ದಿಕೊಂಡೆ, ಎಲ್ಲರೂ ನಕ್ಕರು. ವಾಪಸು ಬಂದು ಮಿಸೆಸ್ ಕೊವಾಚ್‌ಗೆ ಅದನ್ನು ತಮಾಷೆಯಾಗಿ ಹೇಳಿದೆ. ಅವರು ನಗಲಿಲ್ಲ. “ನಿಮಗೆ ಗೊತ್ತಿಲ್ಲದ ಪದದಲ್ಲಿ ನೀವು ತಪ್ಪು ಮಾಡೋಲ್ಲ. ಗೊತ್ತಿರೋದರಲ್ಲೇ ಮಾಡ್ತೀರಿ. ಹೋಗಿ, ಇಂಥ ಪದಗಳನ್ನೆಲ್ಲ ಬರೆದಿಟ್ಕೊಳ್ಳಿ” ಎಂದರು. ಹೂಂ ಎಂದೆ. ಬರೆದಿಡಲಿಲ್ಲ. ಆ ವೇಳೆಗೆ ಆ ದೇಶದಲ್ಲಿ ಕಾಗುಣಿತವೇ ಬದಲಾಗಿ ನನ್ನ ಹಳೆಯ ಕಾರ್ಡುಗಳೆಲ್ಲ ಹಳತಾಗಿದ್ದವು. ಹೊಸದಾಗಿ ಬರೆಯಲು ಬೇಜಾರಾಯಿತು.

ಎಪ್ಪತ್ತರ ದಶಕದ ನಡುವಿನಲ್ಲಿ ಪೂರ್ವ ಜಾವಾದ ಸಕ್ಕರೆ ಕಾರ್ಖಾನೆಗಳ ವರ್ಕ್‌ಶಾಪುಗಳಿಂದ ಐದು ಜನ ಬಂದರು. ಆರು ವಾರ ಶಿಕಾಗೊ ಕಡೆ, ಆರು ವಾರ ಡೆಟ್ರಾಯಿಟ್ ಕಡೆ ತರಬೇತಿ. ಅವರಲ್ಲಿ ಹಿರಿಯರು ಪಾಕ್ ದರ್ಸೋನೋ. ಪಾಕ್ ಎಂದರೆ ನಮ್ಮ ರಾಯರು, ಅಪ್ಪನವರು ಎಂದ ಹಾಗೆ. ನಲವತ್ತೈದು ದಾಟಿದ ಮನುಷ್ಯ, ತೆಳ್ಳಗೆ, ಇಸ್ತ್ರಿ ಹಾಕಿದ ಅಂಗಿ. ವ್ಯಾನಿನಲ್ಲಿ ನನ್ನ ಪಕ್ಕದ ಸೀಟು ಅವರದು. ಉಳಿದವರು ಏನು ಕೇಳಬೇಕಾದರೂ ಅವರ ಮೂಲಕವೇ ಕೇಳುತ್ತಿದ್ದರು. ಹೆಸರಿಗೆ ಮೂಲ ದರ್ಶನ ಎಂದು ನಾನು ವಿವರಿಸಿದಾಗ ಅವರು, “ಹೌದೆ? ನಮ್ಮಮ್ಮ ಇಟ್ಟದ್ದು. ಅವರಿಗೂ ಗೊತ್ತಿರಲಿಕ್ಕಿಲ್ಲ” ಎಂದರು. ಕಿರಿಯವನು ಮುಲ್ಯಾದಿ, ಇಪ್ಪತ್ತೆಂಟರ ಹೊಸ ಮದುವೆಗಂಡು, ಮಾತುಗಾರ. ಅವನನ್ನು ದರ್ಸೋನೋ ಸ್ವಂತ ತಮ್ಮನಂತೆ ನೋಡಿಕೊಳ್ಳುತ್ತಿದ್ದರು.

ಅವರಿಗೆ ಬರುವ ಪತ್ರಗಳು ಏಜೆನ್ಸಿಯ ವಿಳಾಸಕ್ಕೆ ಬರುತ್ತಿದ್ದವು. ಮೂರನೆಯ ವಾರ ದರ್ಸೋನೋ ಅವರಿಗೆ ಒಂದು ಪತ್ರ ಬಂತು. ನಾನೇ ತಂದುಕೊಟ್ಟೆ. ವ್ಯಾನಿಗೆ ಒರಗಿ ನಿಂತು ಓದಿದರು, ಮಡಿಸಿ ಜೇಬಿಗಿಟ್ಟರು. “ಊರಲ್ಲಿ ಎಲ್ಲ ಕ್ಷೇಮವೆ?” ಎಂದು ಪಾಠಪುಸ್ತಕದಲ್ಲಿದ್ದಂತೆಯೇ ಕೇಳಿದೆ. “ಎಲ್ಲ ಚೆನ್ನಾಗಿದೆ, ಇಬು” ಎಂದರು. ಅಂದಿನಿಂದ ಅವರ ಮಾತು ಕಡಿಮೆಯಾಯಿತು. ಚಳಿಗೆ ಇರಬೇಕು ಎಂದುಕೊಂಡೆ.

ಡೆಟ್ರಾಯಿಟ್‌ನ ಉತ್ತರಕ್ಕೆ ಕಾರಿನ ಬಿಡಿಭಾಗ ಒತ್ತುವ ಒಂದು ಕಾರ್ಖಾನೆ. ಅಲ್ಲಿ ಮೂರನೆಯ ವಾರ, ಒಂದು ಬೆಳಗ್ಗೆ. ಒಂದು ಪ್ರೆಸ್ ಯಂತ್ರದ ಮುಂದೆ ಮುಲ್ಯಾದಿ ತಗಡು ಇಡುವುದು, ಪಕ್ಕದಲ್ಲಿ ನಿಂತ ದರ್ಸೋನೋ ಎರಡೂ ಕೈಯಿಂದ ಎರಡು ಗುಂಡಿ ಒತ್ತುವುದು, ಪ್ರೆಸ್ ಇಳಿದು ಮೇಲೇರುವುದು, ಮುಲ್ಯಾದಿ ಕೈ ಹಾಕಿ ಒತ್ತಿದ ತಗಡನ್ನು ತೆಗೆಯುವುದು. ಹೀಗೆ ನಡೆಯುತ್ತಿತ್ತು. ನಾನು ಇಪ್ಪತ್ತು ಅಡಿ ದೂರದಲ್ಲಿ ಫೋರ್‌ಮನ್ ಜೊತೆ ಮಧ್ಯಾಹ್ನದ ಪಾಠದ ವಿಷಯ ಮಾತಾಡುತ್ತಿದ್ದೆ. ಆ ಶಬ್ದದ ನಡುವೆ ಕೂಗು ಕೇಳಿಸಲಿಲ್ಲ. ಜನ ಓಡುವುದು ಕಾಣಿಸಿತು.

ಹತ್ತಿರ ಹೋದಾಗ ಮುಲ್ಯಾದಿಯ ಬಲಗೈಗೆ ಯಾರೋ ಅಂಗಿ ಸುತ್ತುತ್ತಿದ್ದರು. ಮೂರು ಬೆರಳು ಹೋಗಿದ್ದವು. ಅವನು ಕೂಗುತ್ತಿರಲಿಲ್ಲ, ಕೈಯನ್ನೇ ನೋಡುತ್ತಿದ್ದ. ದರ್ಸೋನೋ ನೆಲದ ಮೇಲೆ ಕುಳಿತು ಎರಡೂ ಕೈಯಿಂದ ತಲೆ ಹಿಡಿದುಕೊಂಡು, “ದೋಸ ಸಾಯ, ದೋಸ ಸಾಯ” ಎಂದು ಒಂದೇ ಸಮನೆ ಹೇಳುತ್ತಿದ್ದರು. ಸಾಯ ಎಂದರೆ ‘ನನ್ನ’.

ಕಾರ್ಖಾನೆಯ ಸುರಕ್ಷತಾ ಅಧಿಕಾರಿ ಮಿಸ್ಟರ್ ಬ್ರಾಂಟ್ ಓಡಿ ಬಂದರು. “ಏನು ಹೇಳ್ತಿದ್ದಾನೆ ಇವನು?” ಎಂದು ನನ್ನನ್ನು ಕೇಳಿದರು.

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಯೋಚಿಸಲು ಏನಿತ್ತು? ನಮ್ಮ ಅಜ್ಜಿಯೂ ದೋಷಕ್ಕೆ ದೋಸ ಎಂದೇ ಹೇಳುತ್ತಿದ್ದಳು. “ಇದು ನನ್ನ ತಪ್ಪು ಅಂತಿದ್ದಾರೆ” ಎಂದೆ.

ಬ್ರಾಂಟ್ ಕೈಯಲ್ಲಿದ್ದ ಹಲಗೆಗೆ ಸಿಕ್ಕಿಸಿದ ಕಾಗದದ ಮೇಲೆ ಅದನ್ನು ಬರೆದುಕೊಂಡರು.

ಮುಲ್ಯಾದಿಯನ್ನು ಆಸ್ಪತ್ರೆಗೆ ಒಯ್ದ ಮೇಲೆ ದರ್ಸೋನೋ ಅವರನ್ನು ಆಫೀಸಿಗೆ ಕರೆದರು. ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಹೇಳಿಕೆ ಆಗಲೇ ಸಿದ್ಧವಾಗಿತ್ತು: ಅಪಘಾತ ನನ್ನ ತಪ್ಪಿನಿಂದ ಆಯಿತು, ಅವನ ಕೈ ಒಳಗಿರುವಾಗ ನಾನು ಯಂತ್ರ ನಡೆಸಿದೆ. “ಇದನ್ನ ಅವನಿಗೆ ಓದಿ ಹೇಳಿ, ಒಪ್ಪಿದರೆ ಸಹಿ ಹಾಕಿಸಿ” ಎಂದರು ಬ್ರಾಂಟ್. ನಾನು ಓದಿದೆ. ‘ನನ್ನ ತಪ್ಪಿನಿಂದ’ ಎಂಬಲ್ಲಿ ಅವರದೇ ಪದ ಹಾಕಿದೆ, ದೋಸ ಸಾಯ. ಅದನ್ನು ಕೇಳಿದ್ದೇ ಅವರು ಮುಖ ಮುಚ್ಚಿಕೊಂಡು ಅತ್ತರು. ಎರಡನೆಯ ವಾಕ್ಯ ಓದುವಾಗ ಅವರಿಗೆ ಕೇಳಿಸಿತೋ ಇಲ್ಲವೋ ನಾನು ಗಮನಿಸಲಿಲ್ಲ. ತಲೆ ಅಲ್ಲಾಡಿಸಿದರು, ಸಹಿ ಹಾಕಿದರು. ಕೆಳಗೆ ದುಭಾಷಿ ಎಂದು ನಾನೂ ಹಾಕಿದೆ.

“ನೀವು ಇದ್ದದ್ದು ಒಳ್ಳೇದಾಯ್ತು. ಅರ್ಧ ಗಂಟೇಲಿ ಮುಗೀತು” ಎಂದು ಬ್ರಾಂಟ್ ನನ್ನ ಕೈ ಕುಲುಕಿದರು. ನಾನು ಥ್ಯಾಂಕ್ಯೂ ಎಂದೆ.

ಮರುದಿನ ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ಅಲ್ಲಿ ಡ್ಯೂಟಿಯಲ್ಲಿದ್ದವರು ಧಾರವಾಡ ಕಡೆಯ ಡಾಕ್ಟರ್ ಪಾಟೀಲ. ನನ್ನ ಸೀರೆ ನೋಡಿ ಮಾತಾಡಿಸಿ, ಕನ್ನಡದವಳೆಂದು ತಿಳಿದು ಖುಷಿಪಟ್ಟರು. “ಬರ್ರಿ ಅಕ್ಕಾರ, ಚಲೋ ಆತು. ಈ ಹುಡುಗ ಮುಂಜಾನಿಂದ ಏನೋ ಕೇಳಾಕ ಹತ್ಯಾನ, ನಮಗ ಒಂದೂ ತಿಳೀವಲ್ದು” ಎಂದು ಕರೆದೊಯ್ದರು.

ಮುಲ್ಯಾದಿ ದಿಂಬಿಗೆ ಒರಗಿದ್ದ. ಬ್ಯಾಂಡೇಜಿನ ಕೈ ಎದೆಯ ಮೇಲಿತ್ತು. ಅವನು ಕೇಳುತ್ತಿದ್ದದ್ದು ಕೈಯ ವಿಷಯವಲ್ಲ. “ಇಬು, ಪಾಕ್ ದರ್ಸೋನೋ ಅವರನ್ನ ವಾಪಸು ಕಳಿಸ್ತಾರಂತೆ. ಯಾಕೆ?”

“ಅವರು ಗುಂಡಿ ಒತ್ತಿದ್ರಲ್ಲ, ನಿಮ್ಮ ಕೈ ಒಳಗಿದ್ದಾಗ.”

“ಯಾರು ಹೇಳಿದ್ದು?” ಅವನು ಮೇಲೇಳಲು ನೋಡಿದ. ಡಾಕ್ಟರ್ ಭುಜ ಹಿಡಿದು ಕೂರಿಸಿದರು. “ಅವರು ಒತ್ತಲಿಲ್ಲ. ನಾನು ಅವರನ್ನೇ ನೋಡ್ತಿದ್ದೆ. ಕಣ್ಣಿಗೆ ಹಾಕ್ಕೊಳ್ಳೋ ಆ ಕನ್ನಡಕ ಮಂಜಾಗಿತ್ತು, ಎರಡೂ ಕೈಯಲ್ಲಿ ಹಿಡ್ಕೊಂಡು ಅಂಗೀಲಿ ಒರೆಸ್ತಿದ್ರು. ಪ್ರೆಸ್ ತಾನಾಗೇ ಎರಡನೇ ಸಲ ಇಳೀತು.”

“ಮುಲ್ಯಾದಿ, ಅವರೇ ಹೇಳಿದ್ದಾರೆ. ದೋಸ ಸಾಯ ಅಂತ. ನಾನೇ ಕೇಳಿಸ್ಕೊಂಡೆ.”

ಅವನು ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಕೋಪವಲ್ಲ. ಚೆನ್ನಾಗಿ ಗೊತ್ತಿದ್ದವರು ಇದ್ದಕ್ಕಿದ್ದಂತೆ ಅಪರಿಚಿತರಾದರೆ ಹೇಗೆ ನೋಡುತ್ತೇವೋ ಹಾಗೆ. “ಇಬು,” ಎಂದ ನಿಧಾನವಾಗಿ, ಮಗುವಿಗೆ ಹೇಳುವಂತೆ, “ದೋಸ ಅಂದ್ರೆ ದೇವರಿಗೆ ಮಾಡಿದ್ದು. ಕಾರ್ಖಾನೆಗೆ ಮಾಡಿದ್ದಕ್ಕೆ ಸಾಲಾಹ್ ಅಂತೀವಿ. ಅವರು ಸಾಲಾಹ್ ಸಾಯ ಅಂದ್ರಾ?”

ಅಂದಿರಲಿಲ್ಲ. ಸಾಲಾಹ್ ಎಂಬ ಪದ ನನಗೆ ಚೆನ್ನಾಗಿ ಗೊತ್ತಿತ್ತು. ಮೊದಲ ವರ್ಷದ ಪಾಠದಲ್ಲೇ ಬರುತ್ತದೆ: ತಪ್ಪು, ದೋಷಿ, ಹೊಣೆ. ದೋಸ ಎಂದರೆ ಪಾಪ ಎಂದೂ ಪದಕೋಶದಲ್ಲಿ ಇದ್ದೇ ಇತ್ತು. ನಾನು ಓದದೆ ಬಿಟ್ಟ ಸಾಲುಗಳಲ್ಲಿ ಅದೊಂದು. ನನ್ನ ಪಾಪ, ನನ್ನ ಪಾಪದ ಫಲ ಇವನ ಮೇಲೆ ಬಿತ್ತು ಎಂದು ಆ ಮನುಷ್ಯ ಗೋಳಾಡಿದ್ದನ್ನು ನಾನು ಅಪರಾಧದ ಒಪ್ಪಿಗೆ ಮಾಡಿದ್ದೆ. ಅದನ್ನೇ ಮತ್ತೆ ಅವರ ಪದದಲ್ಲಿ ಅವರಿಗೆ ಓದಿ ಹೇಳಿ ಸಹಿ ಹಾಕಿಸಿದ್ದೆ. ಅವರು ಒಪ್ಪಿದ್ದು ತಾವು ಹೇಳಿದ್ದಕ್ಕೆ. ಕಾಗದದಲ್ಲಿದ್ದದ್ದು ನಾನು ಹೇಳಿದ್ದು.

ಕುರ್ಚಿ ಎಳೆದುಕೊಂಡು ಕುಳಿತೆ. ಡಾಕ್ಟರ್ ಪಾಟೀಲರು ಏನಾಯಿತೆಂದು ಕೇಳಿದರು. ಕನ್ನಡದಲ್ಲಿ ಹೇಳಿದೆ. ನಮ್ಮ ದೋಷ ಅಂತಲೇ ತಿಳಿದುಕೊಂಡೆ ಎಂದೆ.

 “ಅಕ್ಕಾರ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ನಮ್ಮೊಳಗೂ ಜಾತಕದಾಗ ದೋಷ ಐತಿ ಅಂತೀವಲ್ರಿ. ಅದನ್ನ ಕೇಳಿ ಯಾರರ ಪೊಲೀಸರನ್ನ ಕರೀತಾರೇನು?” ಎಂದರು.

ಅದು ನನ್ನನ್ನು ಇನ್ನೂ ಕುಗ್ಗಿಸಿತು. ನಾನು ಅವರ ಭಾಷೆಯನ್ನು ಮಾತ್ರವಲ್ಲ, ನನ್ನದನ್ನೂ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ.

ತಕ್ಷಣ ಹೋಗಿ ಹೇಳಿದೆ ಎಂದು ಬರೆಯಬೇಕೆಂಬ ಆಸೆಯಿದೆ. ಹಾಗಾಗಲಿಲ್ಲ. ಸಂಜೆ ಮೋಟೆಲಿನಿಂದ ಶ್ರೀಧರರಿಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿ, “ಹೇಳ್ಬಿಟ್ರೆ ಇನ್ನು ನಿನ್ನ ಯಾರು ಕರೀತಾರೆ? ಹೇಗೂ ಅವರು ಶುಕ್ರವಾರ ಊರಿಗೆ ಹೋಗ್ತಾರಲ್ಲ. ಜೈಲೇನಲ್ವಲ್ಲ” ಎಂದರು. ಅದು ಕೆಟ್ಟ ಮನಸ್ಸಿನ ಮಾತಲ್ಲ, ನನ್ನ ಮೇಲಿನ ಕಾಳಜಿಯ ಮಾತು. ನನಗೂ ಅದೇ ಬೇಕಾಗಿತ್ತು. ಯೋಚಿಸಿ ಹೇಳೋಣ ಎಂದು ಮಲಗಿದೆ.

ಬೆಳಗ್ಗೆ ಉಳಿದ ಮೂವರನ್ನು ಕಾರ್ಖಾನೆಗೆ ಬಿಡಲು ಹೋದೆ. ಆ ಪ್ರೆಸ್ ನಡೆಯುತ್ತಿತ್ತು. ಅದರ ಮುಂದೆ ಬೇರೊಬ್ಬ ನಿಂತು ತಗಡು ಇಡುತ್ತಿದ್ದ, ಕೈ ಹಾಕಿ ತೆಗೆಯುತ್ತಿದ್ದ. ಇಡು, ಇಳಿ, ಏರು, ಕೈ.  ಯಂತ್ರ ನಿಲ್ಲಿಸಿ ನೋಡಬೇಕಾದ ಕಾರಣವೇ ಯಾರಿಗೂ ಇರಲಿಲ್ಲ. ಕಾರಣ ಸಿಕ್ಕಿತ್ತು. ಅದಕ್ಕೆ ನನ್ನ ಸಹಿ ಇತ್ತು.

ಬ್ರಾಂಟ್ ಅವರ ಆಫೀಸಿಗೆ ನಡೆದೆನೋ ಓಡಿದೆನೋ ನೆನಪಿಲ್ಲ. ಎಲ್ಲವನ್ನೂ ಹೇಳಿದೆ: ಪದ, ನನ್ನ ಅಜ್ಜಿ, ಪದಕೋಶ, ಮುಲ್ಯಾದಿ ಹೇಳಿದ್ದು. ಅವರು ಕೆಟ್ಟ ಮನುಷ್ಯನಾಗಿರಲಿಲ್ಲ. ಗಮನವಿಟ್ಟೇ ಕೇಳಿದರು. ಆಮೇಲೆ ಹೇಳಿದರು:

“ಮೊನ್ನೆ ನೀವು ಹೇಳಿದ್ದನ್ನ ನಂಬಿದೆ. ಅದು ತಪ್ಪು ಅಂತ ಇವತ್ತು ನೀವೇ ಹೇಳ್ತಿದ್ದೀರಿ. ಇವತ್ತು ಹೇಳ್ತಿರೋದನ್ನ ನಾನು ಯಾವ ಆಧಾರದ ಮೇಲೆ ನಂಬಲಿ?”

 

“ಆ ಮಿಷನ್ ಆದರೂ ನಿಲ್ಸಿ” ಎಂದೆ.

“ಸಹಿ ಮಾಡಿದ ಹೇಳಿಕೆ ಇದೆ. ಮೇಲಿನವರನ್ನ ಕೇಳಬೇಕು” ಎಂದು ಫೋನ್ ಎತ್ತಿಕೊಂಡರು.

ನಾನು ಹೊರಗೆ ಬಂದೆ. ಅಲ್ಲಿ ಟಾಲಿವರ್ ಎಂಬ ಕಪ್ಪು ಹಿರಿಯರೊಬ್ಬರು ಪ್ರೆಸ್ಸುಗಳಿಗೆ ಡೈ, ಅಂದರೆ ಅಚ್ಚು, ಜೋಡಿಸುವ ಕೆಲಸ ಮಾಡುತ್ತಿದ್ದರು. ಕಾರ್ಮಿಕ ಸಂಘದ ಆ ವಿಭಾಗದ ಪ್ರತಿನಿಧಿಯೂ ಹೌದು. ಐದು ಜನಕ್ಕೂ ತಾಳ್ಮೆಯಿಂದ ಪಾಠ ಹೇಳುತ್ತಿದ್ದವರು. ನನ್ನ ಮುಖ ನೋಡಿ ಹತ್ತಿರ ಬಂದರು.

“ಒಂದೇ ಮಾತು ಕೇಳ್ತೀನಮ್ಮ. ಆ ಯಜಮಾನ ಗುಂಡಿ ಒತ್ತಿದನೆ, ಇಲ್ಲವೆ?”

“ಒತ್ತಲಿಲ್ಲ. ನಾನು ತಪ್ಪು ಹೇಳಿದೆ.”

ಅವರು ಮತ್ತೇನೂ ಕೇಳಲಿಲ್ಲ. ನೇರ ಹೋಗಿ ಪ್ರೆಸ್ಸಿನ ಮುಂದಿದ್ದವನ ಭುಜ ಮುಟ್ಟಿ ಹಿಂದೆ ಸರಿಸಿದರು. ಮೇನ್ ಸ್ವಿಚ್ ಕೆಳಗೆಳೆದು, ಸೊಂಟದಿಂದ ತಮ್ಮ ಬೀಗ ತೆಗೆದು ಅದಕ್ಕೆ ಹಾಕಿ, ಬೀಗದಕೈಯನ್ನು ಜೇಬಿಗಿಳಿಸಿದರು. “ಹೋದ ವಾರವೇ ಇದು ಎರಡೆರಡು ಸಲ ಇಳೀತಿದೆ ಅಂತ ಬರೆದುಕೊಟ್ಟಿದ್ದೆ” ಎಂದರು. “ನಿನ್ನೆ ಬಂದು ಕೇಳಿದೆ. ಮನುಷ್ಯ ಒಪ್ಕೊಂಡಿದ್ದಾನಲ್ಲ, ಇನ್ನೇನು ಅಂದ್ರು.” ಫೋರ್‌ಮನ್ ಬಂದು ಕೂಗಾಡಿದ. ಟಾಲಿವರ್ ಪೆಟ್ಟಿಗೆಯ ಮೇಲೆ ಕುಳಿತು ಕಾಫಿ ಕುಡಿದರು. ಮಧ್ಯಾಹ್ನ ಯಂತ್ರ ಬಿಚ್ಚಿದಾಗ ಪ್ರೆಸ್ಸನ್ನು ಮೇಲೆಯೇ ತಡೆದು ನಿಲ್ಲಿಸುವ ಕ್ಲಚ್ಚಿನ ಒಂದು ಸ್ಪ್ರಿಂಗ್ ಮುರಿದಿರುವುದು ಸಿಕ್ಕಿತು.

ಮಿಸೆಸ್ ಕೊವಾಚ್‌ಗೆ ಫೋನ್ ಮಾಡಿದೆ. ಅವರು ಬೈಯಲಿಲ್ಲ. ನಡುವೆ ರೈಲು ಹೋಯಿತು, ಕಾದರು. “ಇನ್ನು ಈ ವಿಷಯದಲ್ಲಿ ನೀವು ಬಾಯಿ ತೆಗೆಯೋ ಹಾಗಿಲ್ಲ. ಬೇರೆ ದುಭಾಷಿ ಬರಬೇಕು, ಹೇಳಿಕೆ ಮೊದಲಿಂದ ಆಗಬೇಕು. ನೀವು ಹೊರಗೆ ಕೂತ್ಕೊಳ್ಳಿ” ಎಂದರು. ಡೆಟ್ರಾಯಿಟ್ ಹತ್ತಿರದ ಆನ್ ಆರ್ಬರ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಇಂಡೊನೇಷ್ಯಾದ ವಿದ್ಯಾರ್ಥಿಯೊಬ್ಬರನ್ನು ಮರುದಿನ ಕರೆಸಿದರು.

ಅದಕ್ಕೆ ಮೊದಲು ಮೋಟೆಲಿಗೆ ಹೋಗಿ ದರ್ಸೋನೋ ಅವರಿಗೆ ನಡೆದದ್ದನ್ನೆಲ್ಲ ತಿಳಿಸಿದೆ. ತಮ್ಮ ಮೇಲೆ ಅಂಥ ಆರೋಪ ಇತ್ತೆಂಬುದೇ ಅವರಿಗೆ ಗೊತ್ತಿರಲಿಲ್ಲ. ಮುಲ್ಯಾದಿಗೆ ಹೀಗಾದ ಮೇಲೆ ತಂಡದ ಹಿರಿಯನನ್ನು ವಾಪಸು ಕಳಿಸುವುದು ಪದ್ಧತಿ ಇರಬೇಕು ಎಂದುಕೊಂಡಿದ್ದರಂತೆ. “ಹಾಗಾದ್ರೆ ಯಾವ ದೋಸ, ಪಾಕ್?” ಎಂದು ಕೇಳಿದೆ. ಅವರು ಕಿಟಕಿಯ ಕಡೆ ತಿರುಗಿ, “ಅದು ನನ್ನದು, ಇಬು. ಕಾರ್ಖಾನೆಗೆ ಬೇಡ” ಎಂದರು.

ಎರಡನೆಯ ಹೇಳಿಕೆ ಒಂದೂವರೆ ಗಂಟೆ ನಡೆಯಿತು. ನಾನು ಗಾಜಿನ ಗೋಡೆಯ ಹೊರಗೆ ಬೆಂಚಿನ ಮೇಲೆ ಕುಳಿತಿದ್ದೆ. ಒಳಗಿನ ಮಾತು ಕೇಳುತ್ತಿರಲಿಲ್ಲ. ಬ್ರಾಂಟ್ ಏನೋ ಕೇಳುತ್ತಾರೆ, ವಿದ್ಯಾರ್ಥಿ ತಿರುಗಿಸಿ ಕೇಳುತ್ತಾರೆ, ದರ್ಸೋನೋ ಇಲ್ಲವೆಂದು ತಲೆಯಾಡಿಸುತ್ತಾರೆ. ಮತ್ತೆ ಕೇಳುತ್ತಾರೆ. ಒಂದು ಹಂತದಲ್ಲಿ ಅವರು ಬಹಳ ಹೊತ್ತು ಮಾತಾಡಿದರು. ಟೈಪ್ ಮಾಡುತ್ತಿದ್ದ ಹುಡುಗಿ ನಡುವೆ ಕೈ ನಿಲ್ಲಿಸಿ ಅವರ ಮುಖ ನೋಡಿದಳು, ಆಮೇಲೆ ಮತ್ತೆ ಟೈಪ್ ಮಾಡಿದಳು.

ಕಂಪನಿ ಮೊದಲ ಹೇಳಿಕೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ಮುಲ್ಯಾದಿಯ ಚಿಕಿತ್ಸೆಯ ಜವಾಬ್ದಾರಿ ಅವರದೇ ಆಯಿತು. ತರಬೇತಿ ಮಾತ್ರ ಅಲ್ಲಿಗೇ ನಿಂತು, ಉಳಿದ ನಾಲ್ವರೂ ಊರಿಗೆ ಹೊರಟರು. ಮುಲ್ಯಾದಿ ಎರಡು ತಿಂಗಳು ಆಸ್ಪತ್ರೆಯಲ್ಲಿದ್ದ. ವಾರಕ್ಕೊಮ್ಮೆ ಗ್ರೇಹೌಂಡ್ ಬಸ್ಸಿನಲ್ಲಿ ಹೋಗಿ ನೋಡಿ ಬರುತ್ತಿದ್ದೆ. ಡಾಕ್ಟರ್ ಪಾಟೀಲರ ಮನೆಯಿಂದ ಅವನಿಗೆ ಅನ್ನ ಬರುತ್ತಿತ್ತು. ಎಡಗೈಯಲ್ಲಿ ಬರೆಯಲು ಕಲಿತು ಮೊದಲ ಪತ್ರವನ್ನು ಹೆಂಡತಿಗೆ ಬರೆದ. ನನಗೆ ಒಂದು ವರ್ಷ ಇಂಡೊನೇಷ್ಯನ್ ಕೆಲಸ ಕೊಡಲಿಲ್ಲ. ಆ ವರ್ಷ ಪದಕೋಶವನ್ನು ಮೊದಲ ಪುಟದಿಂದ ಓದಿದೆ, ಗೊತ್ತಿದ್ದ ಪದಗಳನ್ನೇ ಮೊದಲು. ಏಜೆನ್ಸಿಯಲ್ಲಿ ಆಮೇಲೆ ಕೆಲವು ನಿಯಮ ಬಂದವು: ಹೇಳಿಕೆ ತೆಗೆಯುವಾಗ ಟೇಪ್ ಇರಬೇಕು, ಸಹಿಗೆ ಮೊದಲು ಬೇರೊಬ್ಬ ದುಭಾಷಿ ಓದಿ ಹೇಳಬೇಕು, ಓದಿ ಹೇಳುವಾಗ ಅವರು ಬಳಸಿದ ಪದವನ್ನೇ ಹಿಂದಿರುಗಿಸದೆ ಬಿಡಿಸಿ ಹೇಳಬೇಕು. ಈಗಿನವರಿಗೆ ಇದೆಲ್ಲ ತರಬೇತಿಯ ಮೊದಲ ವಾರದಲ್ಲೇ ಹೇಳಿಕೊಡುತ್ತಾರೆ. ಯಾಕೆ ಎಂದು ಹೇಳುವುದಿಲ್ಲ.

ಇನ್ನು ಅವರು ಹೊರಟ ದಿನದ ವಿಷಯ. ಡೆಟ್ರಾಯಿಟ್‌ನಿಂದ ಒಹೇರ್‌ಗೆ ಬಂದು ಅಲ್ಲಿಂದ ಅವರ ವಿಮಾನ. ನಮ್ಮ ಮನೆಯಿಂದ ಒಹೇರ್ ಕೆಲವೇ ಮೈಲು. ಕೆಲಸದ ಮೇಲಲ್ಲದಿದ್ದರೂ ಬೀಳ್ಕೊಡಲು ಹೋದೆ. ಹಿಂದಿನ ದಿನ ಮಿಸೆಸ್ ಕೊವಾಚ್ ನನ್ನನ್ನು ಕರೆದು ಎರಡನೆಯ ಹೇಳಿಕೆಯ ಕಾರ್ಬನ್ ಪ್ರತಿ ಕೊಟ್ಟಿದ್ದರು. “ಓದಿ. ನೀವು ಓದಬೇಕು” ಎಂದಿದ್ದರು. ಓದಿದ್ದೆ. ಅದು ನನ್ನ ಕೈಚೀಲದಲ್ಲಿತ್ತು.

ಗೇಟಿನ ಹತ್ತಿರ ದರ್ಸೋನೋ ಅವರ ಮುಂದೆ ನಿಂತು ಕ್ಷಮೆ ಕೇಳಿದೆ. ಸಾಲಾಹ್ ಸಾಯ ಎಂದೆ. ಅವರು ಎದೆಗೆ ಕೈ ಹಚ್ಚಿ ತಲೆ ಬಾಗಿಸಿದರು. ಆಮೇಲೆ ಕೇಳಿದರು: “ಇಬು, ನಾನು ಅಲ್ಲಿ ಹೇಳಿದ್ದೆಲ್ಲ ಆ ಕಾಗದದಲ್ಲಿ ಇದೆಯೆ? ಅಮ್ಮನ ವಿಷಯವೂ?”

ಇದೆ ಎಂದೆ.

“ನಾನು ಬೇಡ ಅಂದೆ. ಅವರು ಮತ್ತೆ ಮತ್ತೆ ಕೇಳಿದ್ರು. ಏನೂ ಮಾಡದೆ ಇದ್ದವನು ಯಾಕೆ ಅಳ್ತಿದ್ದೆ ಅಂದ್ರು. ಆ ದುಭಾಷಿ ಹುಡುಗ, ನೀವು ಹೇಳದೆ ಇದ್ರೆ ಅವರು ನಂಬೋಲ್ಲ ಪಾಕ್ ಅಂದ.” ಚೀಲವನ್ನು ನೆಲಕ್ಕಿಟ್ಟರು. “ನನ್ನ ಹೆಂಡತಿಗೂ ಹೇಳಿಲ್ಲ ಅದನ್ನ. ಅದರಲ್ಲಿ ಹೇಗೆ ಬರೆದಿದ್ದಾರೆ, ನಿಮ್ಮ ಹತ್ರ ಇದ್ರೆ ನನಗೆ ಓದಿ ಹೇಳಿ.”

ಬೇಡ ಎನ್ನಲು ನನಗೆ ಯಾವ ಹಕ್ಕಿತ್ತು? ಜನ ಸೂಟ್‌ಕೇಸ್ ಎಳೆದುಕೊಂಡು ಎರಡೂ ಕಡೆಯಿಂದ ಹೋಗುತ್ತಿದ್ದರು. ಕಾಗದ ತೆಗೆದು, ಇಂಗ್ಲಿಷಿನಲ್ಲಿ ಟೈಪ್ ಆಗಿದ್ದನ್ನು ಅವರ ಭಾಷೆಯಲ್ಲಿ ಒಂದೊಂದೇ ವಾಕ್ಯವಾಗಿ ಹೇಳಿದೆ. ಅಮ್ಮನಿಗೆ ಕಾಯಿಲೆ ಇತ್ತು. ಅಮೆರಿಕಕ್ಕೆ ಹೋಗುತ್ತೇನೆಂದರೆ ಬಿಡುತ್ತಿರಲಿಲ್ಲ. ಆದ್ದರಿಂದ ಅವಳ ಕಾಲಿಗೆ ಬೀಳದೆ, ಹತ್ತಿರದ ನಗರ ಸುರಬಾಯಕ್ಕೆ ಹೋಗಿ ಎರಡು ದಿನದಲ್ಲಿ ಬರುತ್ತೇನೆಂದು ಸುಳ್ಳು ಹೇಳಿ ಹೊರಟೆ. ಹನ್ನೊಂದನೆಯ ದಿನ ಅವಳು ತೀರಿಕೊಂಡಳು. ಅಲ್ಲಿಯವರೆಗೆ ದಿನಾ ಬೆಳಗ್ಗೆ ಸುರಬಾಯದ ಬಸ್ಸು ಬಂತೇ ಎಂದು ಕೇಳುತ್ತಿದ್ದಳೆಂದು ನನ್ನ ತಮ್ಮ ಶಿಕಾಗೊಗೆ ಪತ್ರ ಬರೆದ. ಇದು ನನ್ನ ಪಾಪ. ಅದಕ್ಕಾಗಿ ದೇವರು ನನ್ನ ಜೊತೆಗಿದ್ದ ಹುಡುಗನ ಕೈ ತೆಗೆದುಕೊಂಡ.

ನಾನು ತಲೆಯೆತ್ತಿದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು.

“ಸರಿಯಾಗಿದೆ” ಎಂದರು.

ಚೀಲ ಎತ್ತಿಕೊಂಡು ಉಳಿದ ಮೂವರ ಹಿಂದೆ ಗೇಟಿನೊಳಗೆ ಹೋದರು.